ಕ್ರೀಡಾಕೂಟ ಊರಿಗೆ ಬಂದರೆ ಆರೋಗ್ಯವೂ ಬರುತ್ತದೆಯೇ?

ಮೂರು ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆಯ ತಪಾಸಣೆಗೆ ನನ್ನಲ್ಲಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ವಯಸ್ಸು ಅರವತ್ತೆಂಟು. ಈ ಸಲ ಅವರ ರಕ್ತದ ಸಕ್ಕರೆ ಏರಿತ್ತು. ‘ಏನು ಮೇಷ್ಟ್ರೇ, ವಾಕಿಂಗ್ ಬಿಟ್ಟುಬಿಟ್ಟಿರಾ?’ ಎಂದು ಕೇಳಿದೆ. ‘ನಾನು ಬಿಟ್ಟಿಲ್ಲ ಡಾಕ್ಟ್ರೇ, ಅದೇ ನನ್ನನ್ನು ಬಿಟ್ಟಿದೆ. ನಮ್ಮ ಬೀದಿಯ ಫುಟ್‌ಪಾತ್ ಅಗೆದು ಆರು ತಿಂಗಳಾಯಿತು. ಶಾಲೆಯ ಮೈದಾನಕ್ಕೆ ಬೀಗ ಹಾಕಿದ್ದಾರೆ. ರಸ್ತೆಯಲ್ಲಿ ನಡೆಯೋಣವೆಂದರೆ ಸಕ್ಕರೆಗಿಂತ ಮೊದಲು ಸ್ಕೂಟರೇ ನನ್ನನ್ನು ಮುಗಿಸೀತು’ ಎಂದರು. ಔಷಧಿ ಚೀಟಿ ಮಡಿಚಿ ಜೇಬಿಗಿಟ್ಟುಕೊಂಡು ಏಳುವಾಗ ಒಂದು ಮಾತು ಕೇಳಿದರು: ‘ಅಹಮದಾಬಾದಿಗೆ ಕಾಮನ್‌ವೆಲ್ತ್ ಕ್ರೀಡಾಕೂಟ ಸಿಕ್ಕಿತಲ್ಲ, ಮುಂದೆ ಒಲಿಂಪಿಕ್ಸನ್ನೂ ತರುತ್ತಾರಂತೆ. ಇದರಿಂದ ಜನರ ಆರೋಗ್ಯ ಸುಧಾರಿಸುತ್ತದೆ ಅಂತ ಟಿ.ವಿ.ಯಲ್ಲಿ ಯಾರೋ ಹೇಳುತ್ತಿದ್ದರು. ಹೌದೇ?’

ಮೇಷ್ಟ್ರ ಪ್ರಶ್ನೆ ಸಣ್ಣದಲ್ಲ. 2025ರ ನವೆಂಬರ್ 26ರಂದು ಗ್ಲಾಸ್ಗೋದಲ್ಲಿ ಸೇರಿದ ಕಾಮನ್‌ವೆಲ್ತ್ ಕ್ರೀಡಾ ಸಂಸ್ಥೆಯ ಮಹಾಸಭೆ 2030ರ ಕೂಟದ ಆತಿಥ್ಯವನ್ನು ಅಹಮದಾಬಾದಿಗೆ ವಹಿಸಿತು. ಮೊದಲ ಕೂಟ ನಡೆದದ್ದು 1930ರಲ್ಲಿ, ಕೆನಡಾದ ಹ್ಯಾಮಿಲ್ಟನ್‌ನಲ್ಲಿ. ಹಾಗಾಗಿ ಇದು ಶತಮಾನೋತ್ಸವದ ಕೂಟ. ಅದಕ್ಕೂ ಮೊದಲೇ, 2024ರ ಅಕ್ಟೋಬರ್‌ನಲ್ಲಿ, 2036ರ ಒಲಿಂಪಿಕ್ಸ್ ನಡೆಸುವ ಇಚ್ಛೆ ನಮಗಿದೆ ಎಂದು ಭಾರತೀಯ ಒಲಿಂಪಿಕ್ ಸಂಸ್ಥೆ ಪತ್ರ ಸಲ್ಲಿಸಿದೆ. ಅದಕ್ಕೂ ಮುಂದಿರುವ ಹೆಸರು ಅಹಮದಾಬಾದಿನದೇ.

ಆರೋಗ್ಯದ ಅಂಕಣಕ್ಕೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಒಂದು ಊರಿನ ಗಾಳಿ, ನೀರು, ರಸ್ತೆ, ಚರಂಡಿ, ಆಸ್ಪತ್ರೆ, ಕಾರ್ಮಿಕರ ಬಿಡಾರ ಎಲ್ಲವನ್ನೂ ಐದಾರು ವರ್ಷ ಅಲ್ಲಾಡಿಸುವ ಕೆಲಸ ಇದು. ಇದರಲ್ಲಿ ರೋಗವೂ ಇದೆ, ಔಷಧಿಯೂ ಇದೆ. ಯಾವುದು ನಮ್ಮ ಪಾಲಿಗೆ ಬರುತ್ತದೆ ಎಂಬುದು ಕೂಟ ಬರುವ ಮೊದಲೇ ನಿರ್ಧಾರವಾಗುತ್ತದೆ.

ಮದುವೆಯೂ ಮನೆಯೂ ಒಟ್ಟಿಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುತ್ತಾರೆ ಹಿರಿಯರು. ಕ್ರೀಡಾಕೂಟವೆಂದರೆ ಎರಡನ್ನೂ ಒಂದೇ ಮುಹೂರ್ತಕ್ಕೆ ಮಾಡಿದ ಹಾಗೆ. ಖರ್ಚಿನ ಅಂದಾಜು ಯಾವತ್ತೂ ನಿಲ್ಲುವುದಿಲ್ಲ. 1976ರ ಒಲಿಂಪಿಕ್ಸ್ ನಡೆಸಿದ ಮಾಂಟ್ರಿಯಲ್ ನಗರ ಅದರ ಸಾಲ ತೀರಿಸಿದ್ದು 2006ರಲ್ಲಿ, ಅಂದರೆ ಮೂವತ್ತು ವರ್ಷಗಳ ಬಳಿಕ.

ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯದ ಕತೆ ಇನ್ನೂ ಹೊಸದು. 2026ರ ಕಾಮನ್‌ವೆಲ್ತ್ ಕೂಟವನ್ನು ಒಪ್ಪಿಕೊಂಡಿದ್ದ ಆ ರಾಜ್ಯ 2023ರ ಜುಲೈನಲ್ಲಿ ಕೈಚೆಲ್ಲಿತು. ಸುಮಾರು 260 ಕೋಟಿ ಆಸ್ಟ್ರೇಲಿಯನ್ ಡಾಲರಿನ ಅಂದಾಜು 600 ಕೋಟಿ ದಾಟುತ್ತದೆಂದು ಗೊತ್ತಾದಾಗ, ಆಸ್ಪತ್ರೆ ಮತ್ತು ಶಾಲೆಗಳ ಹಣ ತೆಗೆದು ಇದಕ್ಕೆ ಸುರಿಯಲಾರೆ ಎಂದು ಅಲ್ಲಿನ ಮುಖ್ಯಸ್ಥರು ಹೇಳಿದರು. ಮಾತು ಮುರಿದದ್ದಕ್ಕೆ 38 ಕೋಟಿ ಡಾಲರ್ ಪರಿಹಾರ ತೆತ್ತರು. ನಡೆಯದ ಮದುವೆಗೂ ಛತ್ರದ ಬಾಡಿಗೆ ಕಟ್ಟಬೇಕಾಯಿತು! ಆ ಕೂಟವನ್ನು ಬಳಿಕ ಗ್ಲಾಸ್ಗೋ ವಹಿಸಿಕೊಂಡು, ಇದ್ದ ಕ್ರೀಡಾಂಗಣಗಳಲ್ಲೇ ನಡೆಸುವಂತೆ ಹತ್ತು ಆಟಗಳಿಗೆ ಇಳಿಸಿತು. ಹಾಸಿಗೆ ಇದ್ದಷ್ಟು ಕಾಲು ಚಾಚುವುದೆಂದರೆ ಇದು.

ಹಣದ ವಿಷಯ ಇಷ್ಟು ಸಾಕು. ಅದನ್ನು ಅರ್ಥಶಾಸ್ತ್ರಜ್ಞರು ನೋಡಿಕೊಳ್ಳಲಿ. ನಮ್ಮ ಲೆಕ್ಕ ಬೇರೆ.

ನೋಡುವ ಆಟ, ಆಡುವ ಆಟ

ಕೂಟದ ಪರವಾಗಿ ಮೊದಲು ಕೇಳಿಬರುವ ಮಾತೆಂದರೆ, ‘ದೊಡ್ಡ ಆಟಗಾರರನ್ನು ಕಂಡು ಜನರೂ ಆಟಕ್ಕಿಳಿಯುತ್ತಾರೆ’ ಎಂಬುದು. ಕೇಳಲು ಚೆನ್ನಾಗಿದೆ. ನಿಜವೇ?

1978ರಿಂದ 2008ರವರೆಗೆ ನಡೆದ ದೊಡ್ಡ ಕ್ರೀಡಾಕೂಟಗಳ ಕುರಿತ 54 ಅಧ್ಯಯನಗಳನ್ನು ಸಂಶೋಧಕರು ಒಟ್ಟುಗೂಡಿಸಿ ನೋಡಿದರು. 2010ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದ ಆ ವರದಿಯ ಸಾರ ಇಷ್ಟೆ: ಇಂಥ ಕೂಟಗಳಿಂದ ಊರಿನ ಜನರ ಆರೋಗ್ಯ ಸುಧಾರಿಸುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ. ಸುಧಾರಿಸುವುದಿಲ್ಲ ಎನ್ನುವುದಕ್ಕೂ ಇಲ್ಲ. 2012ರ ಲಂಡನ್ ಒಲಿಂಪಿಕ್ಸ್‌ಗೆ ಮೊದಲು ಬ್ರಿಟನ್ ಸರ್ಕಾರ, ಇಪ್ಪತ್ತು ಲಕ್ಷ ಜನರನ್ನು ಹೆಚ್ಚು ಚಟುವಟಿಕೆಯುಳ್ಳವರನ್ನಾಗಿ ಮಾಡುತ್ತೇವೆ ಎಂದು ಗುರಿ ಹಾಕಿಕೊಂಡಿತ್ತು. ಕೂಟಕ್ಕೆ ಮುಂಚೆಯೇ ಆ ಗುರಿಯನ್ನು ಕೈಬಿಟ್ಟಿತು.

ಇದರಲ್ಲಿ ಆಶ್ಚರ್ಯವೇನಿಲ್ಲ. ವಿಶ್ವ ಕಪ್ ಕ್ರಿಕೆಟ್ ನಡೆಯುವಾಗ ನಿಮ್ಮ ಮನೆಯಲ್ಲೇ ಗಮನಿಸಿ. ಓಡುವವರು ಹನ್ನೊಂದು ಮಂದಿ. ನಾವು ಸೋಫಾದ ಮೇಲೆ ಕುಳಿತು ಬೋಂಡ, ಚಿಪ್ಸ್ ಮುಗಿಸುತ್ತಿರುತ್ತೇವೆ. ಬೇರೆಯವರು ಬೆವರು ಸುರಿಸಿದರೆ ನಮ್ಮ ಕೊಬ್ಬು ಕರಗುವುದಿಲ್ಲ.

ನಮ್ಮ ದೇಶದ ಸ್ಥಿತಿ ಈಗಾಗಲೇ ಕಳವಳಕಾರಿಯಾಗಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು, ಹೆಂಗಸರಲ್ಲಂತೂ ಈ ಪ್ರಮಾಣ ಇನ್ನೂ ಹೆಚ್ಚು ಎಂದು 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ ವರದಿ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದಾದರೂ ಏನು? ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆ ಅಥವಾ ಅಂಥದೇ ವ್ಯಾಯಾಮ. ಇದಕ್ಕೆ ಚಿನ್ನದ ಪದಕ ಬೇಡ, ಒಂದು ಲಕ್ಷ ಜನ ಕೂರುವ ಕ್ರೀಡಾಂಗಣವೂ ಬೇಡ. ಮುರಿಯದ ಫುಟ್‌ಪಾತ್, ನೆರಳಿಗೆ ಮರ, ಸಂಜೆ ಬೀದಿದೀಪ, ಹೆಂಗಸರು ಹೆದರದೆ ಹೋಗಬಹುದಾದ ಮೈದಾನ. ಇಷ್ಟಿದ್ದರೆ ಆಯಿತು.

ದೆಹಲಿ ಕಲಿಸಿದ ಪಾಠ

ನಾವು ಇದನ್ನು ಒಮ್ಮೆ ಮಾಡಿ ನೋಡಿದ್ದೇವೆ. 2010ರ ಅಕ್ಟೋಬರ್ 3ರಿಂದ 14ರವರೆಗೆ ದೆಹಲಿಯಲ್ಲಿ ಕಾಮನ್‌ವೆಲ್ತ್ ಕೂಟ ನಡೆಯಿತು. ನಮ್ಮವರು 101 ಪದಕ ಗೆದ್ದರು. ಹೆಮ್ಮೆಯ ವಿಷಯವೇ. ಆದರೆ ಆ ವರ್ಷ ದೆಹಲಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರಿಗೆ ಡೆಂಗೆ ಜ್ವರ ಬಂದದ್ದು ಎಷ್ಟು ಜನರಿಗೆ ನೆನಪಿದೆ?

ಕೂಟಕ್ಕೂ ಡೆಂಗೆಗೂ ಏನು ನಂಟು? ಡೆಂಗೆ ಹರಡುವ ಈಡಿಸ್ ಸೊಳ್ಳೆ ಕೊಳಚೆಯಲ್ಲಿ ಮೊಟ್ಟೆಯಿಡುವುದಿಲ್ಲ. ನಿಂತ ತಿಳಿನೀರು ಅದಕ್ಕೆ ಪ್ರೀತಿ. ಕಟ್ಟಡ ಕಟ್ಟುವಾಗ ಕಾಂಕ್ರೀಟ್ ಗಟ್ಟಿಯಾಗಲೆಂದು ತಾರಸಿಯ ಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸುತ್ತಾರೆ. ಡ್ರಮ್ಮು, ಅಗೆದ ಗುಂಡಿ, ಲಿಫ್ಟಿಗಾಗಿ ಬಿಟ್ಟ ಹಳ್ಳ ಎಲ್ಲದರಲ್ಲೂ ನೀರು. ಒಂದು ವಾರ, ಹತ್ತು ದಿನ ಸಿಕ್ಕರೆ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಮಳೆಗಾಲದಲ್ಲಿ ಊರೆಲ್ಲ ಕಟ್ಟಡದ ಕೆಲಸ ನಡೆದರೆ ಸೊಳ್ಳೆಗೂ ಕ್ರೀಡಾಗ್ರಾಮ ಕಟ್ಟಿಕೊಟ್ಟಂತೆಯೇ.

ಆ ಕಟ್ಟಡಗಳನ್ನು ಕಟ್ಟಿದವರ ಸ್ಥಿತಿಗತಿ ಪರಿಶೀಲಿಸಲು ದೆಹಲಿ ಹೈಕೋರ್ಟ್ 2010ರಲ್ಲಿ ಒಂದು ಸಮಿತಿಯನ್ನೇ ನೇಮಿಸಬೇಕಾಯಿತು. ವಸತಿ, ಶೌಚಾಲಯ, ಸುರಕ್ಷತಾ ಸಾಧನ ಎಲ್ಲದರಲ್ಲೂ ಸಮಿತಿಗೆ ಕಂಡದ್ದು ಕೊರತೆಯೇ. ಕೂಟಕ್ಕೆ ಎರಡು ವಾರವಿದ್ದಾಗ, ಸೆಪ್ಟೆಂಬರ್ 21ರಂದು, ಮುಖ್ಯ ಕ್ರೀಡಾಂಗಣದ ಬಳಿ ಪಾದಚಾರಿ ಸೇತುವೆ ಕುಸಿದು 27 ಮಂದಿ ಗಾಯಗೊಂಡರು. ಗಡುವು ಹತ್ತಿರವಾದಂತೆ ಮೊದಲು ಕೈಬಿಡುವುದು ಸುರಕ್ಷತೆಯನ್ನೇ.

ಒಳ್ಳೆಯದೂ ಆಯಿತು, ಅದನ್ನೂ ಹೇಳಬೇಕು. ಕೂಟದ ನೆಪದಲ್ಲಿ ಮೆಟ್ರೊ ರೈಲಿನ ಜಾಲ ಬೇಗ ಬೆಳೆಯಿತು. ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಕ್ರೀಡಾ ಗಾಯಗಳ ಚಿಕಿತ್ಸಾ ಕೇಂದ್ರ 2010ರಲ್ಲೇ ಆರಂಭವಾಯಿತು. ಕೂಟದ ಹನ್ನೆರಡು ದಿನ ಮುಗಿದ ಮೇಲೂ ಮೊಣಕಾಲು, ಭುಜದ ಗಾಯದ ಸಾಮಾನ್ಯ ರೋಗಿಗಳಿಗೆ ಅದು ಉಪಯೋಗಕ್ಕೆ ಬಂದಿದೆ. ನಮ್ಮ ಬೆಂಗಳೂರಿನಲ್ಲೂ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದಲ್ಲಿ ಕಟ್ಟಿದ ಕ್ರೀಡಾಗ್ರಾಮ ಬಳಿಕ ಜನರ ವಸತಿಯಾಯಿತು. ಅಂದರೆ ಉಳಿಯುವುದು ಆತಷಬಾಜಿಯಲ್ಲ, ದಿನಬಳಕೆಗೆ ಬರುವ ವಸ್ತು.

ಬಿಸಿಲಿಗೆ ಪದಕದ ಹಂಗಿಲ್ಲ

ಈಗ ಅಹಮದಾಬಾದಿಗೆ ಬರೋಣ. ದೆಹಲಿ ಕೂಟಕ್ಕೆ ಸಿಂಗರಿಸಿಕೊಳ್ಳುತ್ತಿದ್ದ ಅದೇ 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಹೆಚ್ಚು ಸಾವು ಸಂಭವಿಸಿತೆಂದು ಮುಂದೆ ಸಂಶೋಧಕರು ಲೆಕ್ಕ ಹಾಕಿದರು.

ಬಿಸಿಲು ಹೇಗೆ ಕೊಲ್ಲುತ್ತದೆ? ನಮ್ಮ ದೇಹ 37 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಬಿಸಿಯೇರಿದಾಗ ಬೆವರು ಬಂದು, ಅದು ಆರಿ, ಮೈ ತಣ್ಣಗಾಗುತ್ತದೆ. ದುಡಿಯುವ ದೇಹ ಒಳಗಿನಿಂದಲೂ ಶಾಖ ಹುಟ್ಟಿಸುತ್ತದೆ. ಕುಡಿದ ನೀರು ಸಾಲದಿದ್ದರೆ, ಅಥವಾ ಗಾಳಿಯಲ್ಲಿ ತೇವ ಹೆಚ್ಚಿ ಬೆವರು ಆರದಿದ್ದರೆ ಶಾಖ ಒಳಗೇ ಉಳಿಯುತ್ತದೆ. 40 ಡಿಗ್ರಿ ದಾಟಿದರೆ ತೊದಲು, ಗಲಿಬಿಲಿ, ಪ್ರಜ್ಞೆ ತಪ್ಪುವುದು. ಮೂತ್ರಪಿಂಡ, ಯಕೃತ್ತು, ಮಿದುಳು ಒಂದೊಂದಾಗಿ ಸೋಲುತ್ತವೆ. ಅಂಥವರನ್ನು ಕಂಡರೆ ತಕ್ಷಣ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಹಾಕಿ, ಆಸ್ಪತ್ರೆಗೆ ಸಾಗಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಅಹಮದಾಬಾದಿನ ನಗರಪಾಲಿಕೆಯನ್ನು ಇಲ್ಲಿ ಮೆಚ್ಚಲೇಬೇಕು. 2013ರಲ್ಲಿ ಅದು ಬಿಸಿಗಾಳಿ ಎದುರಿಸುವ ಯೋಜನೆಯೊಂದನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲೇ ಅಂಥದ್ದು ಮೊದಲನೆಯದು. ಉಷ್ಣಾಂಶ 45 ಡಿಗ್ರಿ ಮುಟ್ಟುವ ಮುನ್ಸೂಚನೆ ಇದ್ದರೆ ಕೆಂಪು ಎಚ್ಚರಿಕೆ, ಅಲ್ಲಲ್ಲಿ ಕುಡಿಯುವ ನೀರು, ವೈದ್ಯರಿಗೆ ತರಬೇತಿ, ಬಡವರ ಮನೆಯ ಛಾವಣಿಗೆ ಬಿಳಿ ಬಣ್ಣ. ಇದರಿಂದ 2014 ಮತ್ತು 2015ರಲ್ಲಿ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿರಬಹುದೆಂದು 2018ರ ಅಧ್ಯಯನವೊಂದು ಅಂದಾಜಿಸಿತು. ಯಾವ ಕ್ರೀಡಾಂಗಣವೂ ಇಷ್ಟು ಜೀವ ಉಳಿಸಿಲ್ಲ!

ಕೂಟದ ಆಟಗಾರರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಅವರಿಗೆ ಹಿಮದ ನೀರಿನ ತೊಟ್ಟಿ, ವೈದ್ಯರ ತಂಡ ಎಲ್ಲವೂ ಇರುತ್ತದೆ. ಬಿಸಿಲು ಹೆಚ್ಚೆಂದು ಟೋಕಿಯೊ ಒಲಿಂಪಿಕ್ಸಿನ ಮ್ಯಾರಥಾನನ್ನು ಸಪ್ಪೊರೊ ನಗರಕ್ಕೇ ಸಾಗಿಸಿದರು. 2019ರಲ್ಲಿ ದೋಹಾದ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನನ್ನು ನಡುರಾತ್ರಿ ಓಡಿಸಿದರು. ಆದರೂ 68 ಮಂದಿಯಲ್ಲಿ 28 ಮಂದಿ ಓಟ ಮುಗಿಸಲಾಗಲಿಲ್ಲ. ಪ್ರೇಕ್ಷಕರಿಗೂ ವಿನಾಯಿತಿಯಿಲ್ಲ. 2024ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಐಪಿಎಲ್ ಪಂದ್ಯಕ್ಕೆ ಹೋಗಿದ್ದ ನಟ ಶಾರುಖ್ ಖಾನ್ ಬಿಸಿಲಿನ ತೊಂದರೆಯಿಂದ ಆಸ್ಪತ್ರೆ ಸೇರಿದ್ದು ನಿಮಗೆ ನೆನಪಿರಬಹುದು.

ಆದರೆ ಕೂಟವನ್ನು ತಂಪು ತಿಂಗಳಿಗೆ ಸರಿಸಬಹುದು. ಕಟ್ಟಡದ ಕೆಲಸವನ್ನು ಹಾಗೆ ಸರಿಸಲಾಗದು. ಕೂಟ ಹತ್ತು ಹನ್ನೆರಡು ದಿನ, ಅದಕ್ಕೆ ಕಟ್ಟುವ ಕೆಲಸ ನಾಲ್ಕು ಬೇಸಿಗೆ. ಏಪ್ರಿಲ್, ಮೇ ತಿಂಗಳ ನಡುಮಧ್ಯಾಹ್ನ ಕಬ್ಬಿಣದ ಸರಳು ಬಗ್ಗಿಸುವವನ, ತಲೆಯ ಮೇಲೆ ಬಾಂಡಲಿ ಹೊರುವವಳ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ಈ ಕೂಟದ ನಿಜವಾದ ಮ್ಯಾರಥಾನ್ ಓಡುವವರು ಅವರೇ.

ಗಾಳಿ ಹಗುರವಾದ ದಿನಗಳು

ಕೂಟಗಳಿಂದ ಆರೋಗ್ಯಕ್ಕೆ ಲಾಭವಾದ ಉದಾಹರಣೆ ಇಲ್ಲವೇ ಇಲ್ಲವೆ? ಇದೆ, ಆದರೆ ಅದು ಬಂದದ್ದು ಆಟದಿಂದಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್ ನಡೆದ 17 ದಿನ ಕಾರುಗಳನ್ನು ಕಡಿಮೆ ಮಾಡಿ ಹೆಚ್ಚು ಬಸ್ಸು ಓಡಿಸಿದರು. ಬೆಳಗಿನ ದಟ್ಟಣೆ ಶೇ. 22ರಷ್ಟು ಇಳಿಯಿತು. ಸರ್ಕಾರಿ ವಿಮೆಯ ದಾಖಲೆಗಳ ಪ್ರಕಾರ ಮಕ್ಕಳ ತುರ್ತು ಅಸ್ತಮಾ ಚಿಕಿತ್ಸೆ ಶೇ. 41ರಷ್ಟು ಕಡಿಮೆಯಾಯಿತು. ಹವಾಮಾನವೂ ಇದಕ್ಕೆ ಸಹಾಯ ಮಾಡಿರಬೇಕು, ಎಲ್ಲ ಕೀರ್ತಿಯೂ ಬಸ್ಸಿಗೆ ಸಲ್ಲದು ಎಂದು ನಂತರದ ಅಧ್ಯಯನ ಎಚ್ಚರಿಸಿದೆ. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಕಾರ್ಖಾನೆ, ವಾಹನಗಳಿಗೆ ಕಡಿವಾಣ ಹಾಕಿದಾಗ, ಆ ದಿನಗಳಲ್ಲಿ ಎಂಟು ತಿಂಗಳು ತುಂಬುತ್ತಿದ್ದ ಗರ್ಭಿಣಿಯರ ಮಕ್ಕಳು ಸರಾಸರಿ 23 ಗ್ರಾಂ ಹೆಚ್ಚು ತೂಗಿದವು. ಕಡಿವಾಣ ತೆಗೆದ ಮೇಲೆ ಗಾಳಿ ಮತ್ತೆ ಕೆಟ್ಟಿತು.

ನೀರಿನ ಮಾತು ಬಂದರೆ ಪ್ಯಾರಿಸ್ ನೋಡಿ. ಸೇನ್ ನದಿಯಲ್ಲಿ ಈಜುವುದನ್ನು 1923ರಲ್ಲೇ ನಿಷೇಧಿಸಿದ್ದರು. 2024ರ ಒಲಿಂಪಿಕ್ಸ್‌ಗೆಂದು ಸುಮಾರು 140 ಕೋಟಿ ಯೂರೊ ಖರ್ಚು ಮಾಡಿ ನದಿ ಶುದ್ಧಿಗೆ ಕೈಹಾಕಿದರು. ಮಳೆಯಲ್ಲಿ ಚರಂಡಿ ಉಕ್ಕಿ ನದಿ ಸೇರದಂತೆ ನೆಲದಡಿ 50,000 ಘನ ಮೀಟರಿನ ತೊಟ್ಟಿ ಕಟ್ಟಿದರು. ಆದರೂ ನೀರು ಕೆಟ್ಟು ಒಂದು ಸ್ಪರ್ಧೆ ಮುಂದೂಡಬೇಕಾಯಿತು. ಆಗ ಜಗತ್ತು ನಕ್ಕಿತು. 2025ರ ಜುಲೈನಲ್ಲಿ ಪ್ಯಾರಿಸ್ಸಿನ ಸಾಮಾನ್ಯ ಜನ ಆ ನದಿಗಿಳಿದು ಈಜಿದರು.

ಅಹಮದಾಬಾದಿಗೂ ಒಂದು ನದಿಯಿದೆ. ಸಾಬರಮತಿಯ ದಂಡೆ ನಗರದೊಳಗೆ ನೋಡಲು ಚಂದ. ಅಲ್ಲಿ ತುಂಬಿರುವುದು ನರ್ಮದೆಯ ನೀರು. ಊರು ದಾಟಿ ಕೆಳಗೆ ಹೋದರೆ ಕಾರ್ಖಾನೆ, ಚರಂಡಿಗಳ ಕೊಳೆ. 2021ರಲ್ಲಿ ಗುಜರಾತ್ ಹೈಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡಿತು. ಕೂಟದ ನೆಪದಲ್ಲಾದರೂ ಆ ಕೆಳಗಿನ ನದಿ ಶುದ್ಧವಾದರೆ ನಾನು ಮೊದಲು ಚಪ್ಪಾಳೆ ತಟ್ಟುತ್ತೇನೆ.

ಇನ್ನು ಜನಸಂದಣಿ. ವಿದೇಶಿಯರು ಬಂದರೆ ಹೊಸ ಕಾಯಿಲೆ ಬರುತ್ತದೆಂಬ ಭಯ ಹಲವರಿಗಿದೆ. 2016ರ ರಿಯೊ ಒಲಿಂಪಿಕ್ಸ್ ವೇಳೆ ಜೀಕಾ ಸೋಂಕಿನ ಬಗ್ಗೆ ಭಾರಿ ಗುಲ್ಲೆದ್ದಿತ್ತು, ಹೆದರಿದಷ್ಟು ಏನೂ ಆಗಲಿಲ್ಲ. ಹೆದರಬೇಕಾದದ್ದು ನೂಕುನುಗ್ಗಲಿಗೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆ ಬಂದವರಲ್ಲಿ 11 ಮಂದಿ ಸತ್ತದ್ದು ನಮಗೆ ಮರೆಯುವಂಥದಲ್ಲ. ಇಂಥ ನೂಕುನುಗ್ಗಲಿನಲ್ಲಿ ಜನ ಸಾಯುವುದು ಹೆಚ್ಚಾಗಿ ಕಾಲ್ತುಳಿತದಿಂದಲ್ಲ. ಎದೆ ಒತ್ತಿಹೋಗಿ, ನಿಂತಲ್ಲೇ ಉಸಿರು ಕಟ್ಟಿ ಸಾಯುತ್ತಾರೆ. ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ 1.32 ಲಕ್ಷ ಜನ ಕೂರಬಹುದು. ಅಷ್ಟು ಜನರನ್ನು ಒಳಗೆ ಬಿಡುವ, ಹೊರಗೆ ಕಳಿಸುವ ದಾರಿಗಳೂ ಅಷ್ಟೇ ದೊಡ್ಡದಾಗಿರಬೇಕು.

ಹಾಗಾದರೆ ಬೇಕೋ, ಬೇಡವೋ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. 2030ರ ಕೂಟವನ್ನು ಒಪ್ಪಿಕೊಂಡಾಗಿದೆ. ಅದು ನಡೆಯಲಿ, ಆದರೆ ಚಿಕ್ಕದಾಗಿ, ಇರುವ ಕ್ರೀಡಾಂಗಣಗಳಲ್ಲಿ ನಡೆಯಲಿ. ಒಲಿಂಪಿಕ್ಸ್ ಅದರ ಹಲವು ಪಟ್ಟು ದೊಡ್ಡ ಹೊರೆ. ಮೊದಲ ಔಷಧಿ ಮೈಗೆ ಒಗ್ಗಿತೇ ಎಂದು ನೋಡದೆ ಹತ್ತು ಪಟ್ಟು ಡೋಸ್ ಬರೆಯುವ ವೈದ್ಯನನ್ನು ನೀವು ನಂಬುತ್ತೀರಾ? 2030ರ ನಂತರ ಊರಿನ ಆರೋಗ್ಯ ಪರೀಕ್ಷಿಸಿ, ಆಮೇಲೆ ಒಲಿಂಪಿಕ್ಸಿನ ಮಾತು. ಅದಕ್ಕಾಗಿ 2036 ತಪ್ಪಿದರೆ ತಪ್ಪಲಿ.

ಯಾವ ಊರು ಇಂಥ ಕೂಟ ಕರೆದರೂ ಈ ಐದು ಷರತ್ತುಗಳು ಒಪ್ಪಂದದಲ್ಲೇ ಬರೆದಿರಬೇಕು:

1. ಬೇಸಿಗೆಯಲ್ಲಿ ಕೆಂಪು ಎಚ್ಚರಿಕೆಯ ದಿನ ಮಧ್ಯಾಹ್ನ ಹೊರಗಿನ ಕೆಲಸ ನಿಲ್ಲಬೇಕು. ಆ ದಿನದ ಕೂಲಿ ಕಡಿತವಾಗಬಾರದು. ಕಾಮಗಾರಿಯಲ್ಲಿ ಆಗುವ ಪ್ರತಿ ಸಾವು, ಗಾಯ ಸಾರ್ವಜನಿಕ ದಾಖಲೆಯಾಗಬೇಕು.

2. ಕಟ್ಟಡ ನಡೆಯುವ ಪ್ರತಿ ಸ್ಥಳದಲ್ಲಿ ವಾರಕ್ಕೊಮ್ಮೆ ನಿಂತ ನೀರಿನ ತಪಾಸಣೆ ಆಗಬೇಕು.

3. ಕೂಟದ ಹೊಸ ಬಸ್ಸು, ಫುಟ್‌ಪಾತ್, ವಾಹನ ನಿಯಂತ್ರಣ ಕೂಟ ಮುಗಿದ ಮರುದಿನವೂ ಉಳಿಯಬೇಕು.

4. ಕ್ರೀಡಾಂಗಣ, ಈಜುಕೊಳ ನಂತರ ಊರಿನ ಜನರಿಗೆ ಕೈಗೆಟಕುವ ಶುಲ್ಕದಲ್ಲಿ ತೆರೆದಿರಬೇಕು. ಲಂಡನ್ನಿನ ಒಲಿಂಪಿಕ್ಸ್ ಈಜುಕೊಳದಲ್ಲಿ ಹೆಚ್ಚುವರಿ ಆಸನಗಳನ್ನು ಕಿತ್ತುಹಾಕಿ 2014ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ನಮಗೇಕೆ ಆಗದು?

5. ಜನರನ್ನು ಮೊದಲೇ ಕೇಳಬೇಕು. 2015ರಲ್ಲಿ ಹ್ಯಾಂಬರ್ಗ್‌ನ ಮತದಾರರು ಒಲಿಂಪಿಕ್ಸ್ ಬೇಡವೆಂದರು, 2025ರಲ್ಲಿ ಮ್ಯೂನಿಕ್‌ನವರು ಬೇಕೆಂದರು. ಎರಡೂ ಗೌರವದ ಉತ್ತರಗಳೇ.

ಅಹಮದಾಬಾದ್ ದೂರದ ಊರು, ನಮಗೇಕೆ ಎನ್ನಬೇಡಿ. ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ನಿಮ್ಮ ತೆರಿಗೆಯೂ ಇದೆ. ಅಲ್ಲದೆ ನಾಳೆ ನಮ್ಮ ಊರಿನಲ್ಲೂ ಇಂಥದೇ ಪ್ರಸ್ತಾಪ ಬರಬಹುದು. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನಗಳನ್ನು ಉಳಿಸಲೆಂದೇ 1985ರ ಕಾಯ್ದೆಯಿದೆ. ನಿಮ್ಮ ಬಡಾವಣೆಯ ಮೈದಾನಕ್ಕೆ ಯಾರು ಬೇಲಿ ಹಾಕುತ್ತಿದ್ದಾರೆ ಎಂದು ಒಮ್ಮೆ ನೋಡಿ ಬನ್ನಿ. ಅರ್ಧ ಗಂಟೆಯ ನಡಿಗೆಯೂ ಆಗುತ್ತದೆ.

ಮೇಷ್ಟ್ರಿಗೆ ಅಂದು ಇಷ್ಟೆಲ್ಲ ಹೇಳಲು ಸಮಯವಿರಲಿಲ್ಲ, ಹೊರಗೆ ರೋಗಿಗಳು ಕಾದಿದ್ದರು. ‘ಕೂಟದಿಂದ ಆರೋಗ್ಯ ಬರುವುದಿಲ್ಲ ಮೇಷ್ಟ್ರೇ. ಕೂಟಕ್ಕೆಂದು ಹಾಕಿದ ಫುಟ್‌ಪಾತಿನಿಂದ ಬಂದರೆ ಬಂದೀತು’ ಎಂದೆ. ಅವರು ನಕ್ಕು, ‘ಹಾಗಾದರೆ ಕೂಟ ಅಲ್ಲೇ ಇರಲಿ, ಫುಟ್‌ಪಾತ್ ಮಾತ್ರ ನಮ್ಮ ಬೀದಿಗೆ ಕಳಿಸಲಿ’ ಎಂದು ಹೊರಟರು. ಶಾಲೆಯ ಮೈದಾನವನ್ನು ಬೆಳಿಗ್ಗೆ ಒಂದು ಗಂಟೆ ತೆರೆಯುವಂತೆ ಮುಖ್ಯೋಪಾಧ್ಯಾಯರಿಗೆ ಬಡಾವಣೆಯ ಹತ್ತು ಜನ ಸೇರಿ ಅರ್ಜಿ ಕೊಡಿ ಎಂದು ಅವರಿಗೆ ಹೇಳಿ ಕಳಿಸಿದ್ದೇನೆ. ಮುಂದಿನ ತಪಾಸಣೆಗೆ ಬಂದಾಗ ಆ ಬೀಗದ ಸುದ್ದಿಯನ್ನೇ ಮೊದಲು ಕೇಳುತ್ತೇನೆ, ಸಕ್ಕರೆಯದು ಆಮೇಲೆ.